ಮೂರನೆಯ ಗೆಣ್ಣು

ಬೀದರ ಕೋಟೆಯ ಕಂದಕದಲ್ಲಿ,
ಜಂಬಿಟ್ಟಿಗೆಯ ಬಿರುಕಿನಿಂದ ಜೋತುಬಿದ್ದ
ಸಂದುಬಳ್ಳಿಯ ಎದುರು ಕೂತು ಬರೆದುಕೊಂಡೆ:
ಮಾದರಿ ನಲವತ್ತೇಳು. ಕಾಂಡಕ್ಕೆ ನಾಲ್ಕು ಅಂಚು.
ಎಲೆ ಅಲ್ಲೊಂದು ಇಲ್ಲೊಂದು.
ಕುಡಿಬಳ್ಳಿ ಅದೇ ಗೆಣ್ಣಿನಲ್ಲಿ, ಎಲೆಗೆ ಎದುರು.

ದ್ರಾಕ್ಷಿಯ ಕುಲಕ್ಕೆಲ್ಲ ಇದೇ ಗುರುತು.
ಗಂಟಲು ಕೆರೆಯುವ ಕಾಡುಬಳ್ಳಿಯಾಗಲಿ,
ಹುಮನಾಬಾದ್ ದಾರಿಯ ಚಪ್ಪರದ ಸಾಹುಕಾರನಾಗಲಿ,
ಎಲೆ ಒಂದು ಕಡೆ ಕೈ ಚಾಚಿದರೆ
ಕುಡಿ ಬೆನ್ನಿನ ಕಡೆಯಿಂದ ಹೊರಡುತ್ತದೆ,
ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ.

ಆಡು ಕಾಯುವ ತುಳಜಪ್ಪ ಬಗ್ಗಿ ನೋಡಿದ.
‘ಇದಕ್ಕೂ ನಂಬರ್ ಅದ ಏನ್ರೀ?
ನಮ್ ಕರೀ ಆಡಿನ ಕಾಲಿಗಿ ಇದನ್ನೇ ಜಜ್ಜಿ ಕಟ್ಟಿದ್ವಿ,
ಈಗ ನೋಡ್ರಿ, ಗ್ವಾಡಿ ಮ್ಯಾಲದ.’
ನನ್ನ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.
ಅಂಚಿನಲ್ಲಿ ಬರೆದೆ: ಆಡು, ಕರಿ, ಗೋಡೆ ಏರಿದೆ.

ಕಲಬುರಗಿಯ ಲ್ಯಾಬಿನಲ್ಲಿ, ಸೂಕ್ಷ್ಮದರ್ಶಕದ ಕೆಳಗೆ,
ಮೊಗ್ಗಿನ ತುದಿಯ ತೆಳು ಸೀಳಿನಲ್ಲಿ
ಇನ್ನೂ ಏನೂ ಆಗದ ಒಂದು ಉಬ್ಬು ಕಂಡಿತ್ತು ನನಗೆ.
ಬೆಳಕು ಬೆಚ್ಚಗೆ ಸಾಕಷ್ಟು ಸಿಕ್ಕರೆ ಹೂಗೊಂಚಲು,
ಇಲ್ಲವಾದರೆ ಕುಡಿ.
ಹೂವಾಗದ್ದು ಹಿಡಿಯುವ ಕೈಯಾಗುತ್ತದೆ.
ಇದು ಹೋಲಿಕೆಯಲ್ಲ, ಅಂಗರಚನೆ,
ಎಂದು ಗೈಡ್ ಮೇಡಂ ಎರಡು ಸಲ ಎಚ್ಚರಿಸಿದ್ದರು.

ಮಧ್ಯಾಹ್ನ ಗಿಡ ಒತ್ತುವ ಹಲಗೆಯ ಬಕಲ್ ಮುರಿಯಿತು.
ಚೌಬಾರಾದ ಹಿಂದಿನ ಓಣಿ, ಬಿದ್ರಿ ಕೆಲಸದ ಗೌಸೋದ್ದೀನ್ ಚಾಚಾ
‘ಕೂಡ್ರಿ ಬೇಟಿ, ಬೆಸುಗಿ ಹಾಕಿ ಕೊಡ್ತೀನಿ’ ಎಂದರು.
ಅವರು ಕುಲುಮೆ ಊದುತ್ತಿದ್ದಾಗ
ಗೂಡಿನಲ್ಲಿದ್ದ ಹಳೆಯ ಹುಕ್ಕಾದ ಬುಡ ನನ್ನನ್ನು ನೋಡಿತು.

ಕರಿ ಲೋಹದ ಹೊಟ್ಟೆ ಸುತ್ತಿ ಬೆಳ್ಳಿಯ ಅಂಗೂರಿ ಬಳ್ಳಿ.

‘ನಮ್ ಪರದಾದಾ ಮಾಡಿದ್ದು.
ಕೈ ಚಲೋ ಇತ್ತು, ಲೆಕ್ಕ ಕಚ್ಚಾ.
ಎರಡು ಗೆಣ್ಣಿಗಿ ಕುಡಿ ಹಾಕ್ಯಾನ, ಮೂರನೇದಕ್ಕ ಮರ್ತಾನ.
ಮತ್ತ ಎರಡು, ಮತ್ತ ಮರ್ತಾನ.
ಅಪ್ಪನ ಕಾಲದಿಂದ ಆ ತಪ್ಪು ತಿದ್ದೇ ಮಾಡ್ಲಿಕತ್ತೀವಿ.’

ಎಣಿಸಿದೆ. ಎರಡು, ಖಾಲಿ.
ಎರಡು, ಖಾಲಿ.
ಹೊಟ್ಟೆಯ ಸುತ್ತ ಒಂಬತ್ತು ಸಲ.
ಬೆಳ್ಳಿ ಉದುರಿದ ಜಾಗವಲ್ಲ ಅದು,
ಉಗುರು ಎಳೆದು ನೋಡಿದೆ, ಉಳಿಯ ಗೀರೂ ಇಲ್ಲ.
ಕೋಟೆಯ ಮಣ್ಣು ಕೊಟ್ಟ ಕಪ್ಪು ಮಾತ್ರ, ನುಣ್ಣಗೆ.

‘ಚಾಚಾ, ಅವರು ಮರೆತಿಲ್ಲ.
ದ್ರಾಕ್ಷಿ ಹಾಗೇ ಬೆಳೆಯೋದು.
ಎರಡು ಗೆಣ್ಣು ಕುಡಿ ಹೊರುತ್ತೆ, ಮೂರನೆಯದು ಸುಮ್ಮನಿರುತ್ತೆ.’

ಊದುವ ಕೊಳವೆ ಬಾಯಲ್ಲೇ ಉಳಿಯಿತು.
ಈ ಊರಿನ ಯಾವುದೋ ಅಂಗಳದಲ್ಲಿ,
ಯಾರದೋ ಬಾವಿಯ ಬಗಲಿಗೆ ಒಂದು ಬಳ್ಳಿ ಇದ್ದಿರಬೇಕು.
ಅದರ ಎದುರು ಒಬ್ಬ ಮನುಷ್ಯ, ಭೂತಗನ್ನಡಿಯಿಲ್ಲದೆ,
ಊಟದ ಹೊತ್ತು ಮೀರಿ ಕೂತಿದ್ದಿರಬೇಕು.

‘ಹಂಗಾದ್ರ ನಾವು ತಿದ್ದಿದ್ದೆಲ್ಲ...’ ಎಂದರು ಚಾಚಾ,
ಆಮೇಲೆ ನಕ್ಕರು:
‘ಖಾಲಿ ಬಿಟ್ರ ಗಿರಾಕಿ ರೇಟ್ ಕಡಿಮಿ ಮಾಡ್ತಾನ.’
ಬಕಲ್‌ಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮುಂದಿನ ವಾರ ತೋಟದಿಂದ ಒಂದು ಕೊಂಬೆ ತಂದುಕೊಟ್ಟೆ.
ತಸ್ಬೀಹಿನ ಮಣಿ ಸರಿಸಿದ ಹಾಗೆ
ಹೆಬ್ಬೆರಳಲ್ಲಿ ಗೆಣ್ಣು ಸರಿಸುತ್ತ ಹೋದರು,
ಮೂರನೆಯದರ ಮೇಲೆ ಪ್ರತಿ ಸಲ ತುಸು ನಿಂತು.

ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ,
ಹಿಂದಿನ ಅಧ್ಯಯನಗಳು ಎಂಬಲ್ಲಿ, ಮೊದಲ ಸಾಲು ಸೇರಿಸಿದೆ:
‘ಹೆಸರು ತಿಳಿಯದ ಕುಸುರಿಗಾರ, ಬೀದರ, ಸತು ಮತ್ತು ಬೆಳ್ಳಿ.’
ಮೇಡಂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು.
ಹಾಳೆ ತಿರುವಿದರೆ, ಹಿಂದೆ, ಸಣ್ಣ ಅಕ್ಷರದಲ್ಲಿ:
‘ಅಳತೆ ಎಲ್ಲಿ? ಫೋಟೋ ಎಲ್ಲಿ?’

ಗುರುವಾರ ಬೆಳಗಿನ ಬಸ್ಸು.
ಚೀಲದಲ್ಲಿ ಸ್ಕೇಲು, ದಾರ, ಒಂದು ಬಿಳಿ ಬಟ್ಟೆ.