ಒಂದೇ ಕೊಳವೆ

ಬೆಳಗಿನ ಪಾಳಿಗೆ ಮೊದಲು, ಬಸ್ಸುಗಳ ಹೊಟ್ಟೆ ಇನ್ನೂ ತಣ್ಣಗಿರುವಾಗ
ಸೋರೆಬುರುಡೆಯೊಂದು ಕೈಯಿಂದ ಕೈಗೆ ಬರುತ್ತದೆ.
ಒಳಗೆ ಹಸಿರು ಕಹಿ ಸೊಪ್ಪು, ಮೇಲೆ ಫ್ಲಾಸ್ಕಿನ ಬಿಸಿನೀರು,
ಎಲ್ಲರಿಗೂ ಒಂದೇ ಲೋಹದ ಕೊಳವೆ.
ಮಾತೆ ಅನ್ನುತ್ತೇವೆ ಇದಕ್ಕೆ. ಇದು ಸುತ್ತು ತಿರುಗುವಷ್ಟು ಹೊತ್ತು
ಬೇರೆ ಮಾತೇ ಬೇಕಿಲ್ಲ.
ಅದೆಮಾರ್ ಹೀರಿದ್ದನ್ನು ಒರೆಸದೆ ನಾನು ಹೀರಬೇಕು,
ಒರೆಸಿದರೆ ಅವನಿಗೆ ಅವಮಾನ. ಮೊಂತೆವಿದೆಯೊದಲ್ಲಿ
ಎಂಜಲು ಅಂದರೆ ನಂಬಿಕೆ.

ಸಾಕಾದವನು ಮಾತ್ರ ‘ಗ್ರಾಸಿಯಾಸ್’ ಅನ್ನುತ್ತಾನೆ.
ಧನ್ಯವಾದ ಅಂದರೆ ಇಲ್ಲಿ, ಇನ್ನು ನನಗೆ ಬೇಡ.

ಕಾರ್ನಿವಾಲಿನ ಆ ರಾತ್ರಿಯಿಂದ ನಾನು
ಮೊದಲ ಸುತ್ತಿಗೇ ಗ್ರಾಸಿಯಾಸ್ ಅನ್ನುತ್ತಿದ್ದೇನೆ.
ಹೊಟ್ಟೆ ಸರಿಯಿಲ್ಲ ಅಂದೆ. ಹಲ್ಲುನೋವು ಅಂದೆ.
ಬಿಡಬೇಕಂತೆ, ಡಾಕ್ಟರು ಹೇಳಿದರು ಅಂದೆ.
ಯಾವ ಡಾಕ್ಟರು?
ರೂಲೊ ನಕ್ಕ: ‘ಇವನಿಗೇನೋ ಅಂಟಿಕೊಂಡಿದೆ ಕಣ್ರೋ.’
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಹಾಗೆ
ನನ್ನ ನಾಲಿಗೆ ತಾನಾಗಿಯೇ ಹೋಗಿ
ಕೆನ್ನೆಯೊಳಗಿನ ಹುಣ್ಣನ್ನು ಮುಟ್ಟಿತು.

ಅವಳ ಹೆಸರು ಯಾನೆಲಾ. ಇಲ್ಲ, ಮರಿಯಾನೆಲಾ.
ಡೋಲುಗಳ ಗದ್ದಲದಲ್ಲಿ ಅರ್ಧವಷ್ಟೇ ಕೇಳಿಸಿತ್ತು.
ಕುತ್ತಿಗೆಯ ತುಂಬ ಮಿನುಗುಪುಡಿ,
ಸೆರೋ ಗುಡ್ಡದ ಏರಿನಲ್ಲಿ ಮೂರನೆಯ ಮಹಡಿ.
ನನ್ನ ಪರ್ಸಿನಲ್ಲಿ ಇದೆ ಅಂದುಕೊಂಡದ್ದು ಇರಲಿಲ್ಲ.
ಅವಳೂ ಹುಡುಕಿದಳು. ಡ್ರಾಯರಿನಲ್ಲಿ ಬ್ಯಾಟರಿ, ದಾರದುಂಡೆ,
ಯಾರದೋ ಒಂಟಿ ಓಲೆ.
ಇಬ್ಬರೂ ನಕ್ಕೆವು.
ಆ ನಗುವೇ ಈಗ ನಡುರಾತ್ರಿ ಬಂದು
ಎದೆಯಲ್ಲಿ ಅವಲಕ್ಕಿ ಕುಟ್ಟುತ್ತದೆ.

ಹತ್ತೊಂಬತ್ತು ವರ್ಷ ಬಸ್ಸಿನಡಿ ಅಂಗಾತ ಮಲಗಿ
ಎಣ್ಣೆ ಎಲ್ಲಿ ಜಿನುಗುತ್ತಿದೆ ಎಂದು ಹುಡುಕಿದ ಟಾರ್ಚು ಇದು.
ಈಗ ಬಚ್ಚಲಿನ ಚಿಲಕ ಹಾಕಿಕೊಂಡು
ನನ್ನದೇ ತೊಡೆಸಂದಿ, ನಾಲಿಗೆಯ ಅಡಿ, ಅಂಗೈ.
ಸೊಳ್ಳೆ ಕಚ್ಚಿದ್ದಕ್ಕೂ ತಾರೀಖು ಬರೆದಿಟ್ಟಿದ್ದೇನೆ.
ಹೊರಗೆ ತಂಗಿಯ ಮಗಳು ಬಾಗಿಲು ಬಡಿಯುತ್ತಾಳೆ,
ಮಾಮ, ಅರ್ಜೆಂಟು ಅಂತ.
ಅವಳಿಗೆ ಮುತ್ತು ಕೊಟ್ಟು ಎಷ್ಟು ದಿನವಾಯಿತು ಎಂಬುದೂ
ಅದೇ ಚೀಟಿಯಲ್ಲಿದೆ.

ನಲವತ್ತೈದನೆಯ ದಿನ ಪಾಲಿಕ್ಲಿನಿಕ್ಕಿನ ಬೆಂಚು.
ಏಪ್ರಿಲ್. ಬೀದಿಯ ಮರಗಳು ಎಲೆ ಕೆಡವುತ್ತಿವೆ.
ನರ್ಸಿನ ಕಂಕುಳಲ್ಲೂ ಫ್ಲಾಸ್ಕು.
ಬಾಯಿ ತೆರೆಸಿ ನೋಡಿದಳು: ‘ಇದು ಏನೂ ಅಲ್ಲ, ಎರ್ಮೆಸ್,
ನಿನ್ನ ಹಲ್ಲೇ ನಿನ್ನನ್ನು ಕಚ್ಚಿದೆ.’
ಬೆರಳು ಚುಚ್ಚಿ ಎರಡು ಕಾರ್ಡಿಗೆ ಎರಡು ಹನಿ.
ಇಪ್ಪತ್ತು ನಿಮಿಷ ಕಾಯಬೇಕು ಅಂದಳು.
ಆಮೇಲೆ, ಏನೋ ಬರೆದುಕೊಳ್ಳುತ್ತ, ತಲೆಯೆತ್ತದೆ:
‘ಮತ್ತೆ ಆ ಹುಡುಗಿ? ಅವಳಿಗೆ ಯಾರು ಹೇಳುತ್ತಾರೆ?’

ಅವಳಿಂದ ನನಗೆ ಏನು ಬಂತು ಎಂದೇ
ಇಷ್ಟು ದಿನ ಲೆಕ್ಕ ಹಾಕಿದ್ದು.
ನನ್ನಿಂದ ಅವಳಿಗೆ?
ಆ ಕಡೆಗೆ ಟಾರ್ಚು ತಿರುಗಿಸಿಯೇ ಇರಲಿಲ್ಲ.
ಅದಕ್ಕೂ ಹಿಂದಿನ ಡಿಸೆಂಬರು, ಪಾಂಡೊ ಊರಿನಲ್ಲಿ ಬಸ್ಸು ಕೆಟ್ಟು
ನಾನು ಉಳಿದುಕೊಂಡ ರಾತ್ರಿ,
ಅದು ಚೀಟಿಯಲ್ಲಿ ಇಲ್ಲವೇ ಇಲ್ಲ.
ಅವಳೂ ಎಲ್ಲೋ ಬಚ್ಚಲಿನ ಚಿಲಕ ಹಾಕಿಕೊಂಡು
ಕೈಗನ್ನಡಿ ಹಿಡಿದು ಕೂತಿದ್ದಾಳೆಯೆ?
ನನ್ನ ಹೆಸರನ್ನು ಅರ್ಧ ನೆನಪು ಮಾಡಿಕೊಂಡು
ಶಪಿಸಲೂ ಬಾರದೆ?

ಮೊದಲ ಕಾರ್ಡಿನಲ್ಲಿ ಒಂದು ಗೆರೆ.
ಎರಡನೆಯದರಲ್ಲಿ ಎರಡು.
‘ಇದು ಸಿಫಿಲಿಸ್ಸಿನದು. ಇನ್ನೊಂದು ಪರೀಕ್ಷೆ ಮಾಡೋಣ.
ಮದ್ದಿದೆ, ಗುಣವಾಗುತ್ತದೆ.
ಹಳೆಯದೋ ಹೊಸದೋ, ಯಾರಿಂದ ಯಾರಿಗೋ,
ಅದನ್ನು ಕಾರ್ಡು ಹೇಳುವುದಿಲ್ಲ.’
ವಿಚಿತ್ರ: ಮೊಣಕಾಲು ನಡುಗುವುದು ನಿಂತಿತು.
ಹೆಸರಿಲ್ಲದ ಭಯಕ್ಕಿಂತ
ಹೆಸರಿರುವ ಕಾಯಿಲೆ ಚಿಕ್ಕದು.

ಗುಡ್ಡದ ಏರು. ಕೆಳಗೆ ಕಡಲಿನಷ್ಟು ಅಗಲದ ಕೆಸರುಬಣ್ಣದ ನದಿ.
ಬಾಗಿಲು ಅದೇ, ಹಗಲಲ್ಲಿ ಬಣ್ಣ ಬೇರೆ.
ಮೂರನೆಯ ಮಹಡಿಗೆ ನಾಲ್ಕು ಗುಂಡಿಗಳು,
ಒಂದಕ್ಕೂ ಹೆಸರಿಲ್ಲ.
ಹತ್ತಿ ಸುತ್ತಿದ ಬೆರಳಿನಿಂದಲೇ
ಮೊದಲನೆಯದನ್ನು ಒತ್ತಿದೆ.

ಯಾರೋ ಮುದುಕ. ಅಲ್ಲ.
ಎರಡನೆಯದನ್ನು ಒತ್ತಿದೆ.