ಮಧ್ಯಾಹ್ನ ನೋಡಿದ ಮನೆಗಳು

ಏಪ್ರಿಲ್ಲಿನ ಮೂರನೇ ವಾರ. ಹುಸೇನಪ್ಪನ ಸ್ಕೂಟರಿನ ಸೀಟು
ಕಾದ ಹಂಚು. ಹೆಗಲ ಟವೆಲ್ಲು ತೆಗೆದು
ನನ್ನ ಪಾಲಿನ ಅರ್ಧಕ್ಕೆ ಹಾಸಿದ.
"ಮನಿ ನೋಡೋದಂದ್ರ ಮಧ್ಯಾಹ್ನನ ನೋಡಬೇಕ್ರಿ ಮೇಡಂ,
ಮುಂಜಾನಿ ಎಲ್ಲಾ ಮನಿನೂ ಸುಳ್ಳು ಹೇಳ್ತಾವ."

ಮೊದಲನೆಯದು ಬೆಟ್ಟದ ಬುಡಕ್ಕೆ.
ಐದಕ್ಕೆಲ್ಲ ಅಂಗಳಕ್ಕೆ ನೆರಳಂತೆ. ಆಸೆಯಾಯಿತು.
ಅವನು ಗೋಡೆಗೆ ಅಂಗೈ ಒತ್ತಿ ಹಿಡಿದ:
"ಇಡೀ ಬೆಟ್ಟ ಒಂದ ಕಲ್ಲು ನೋಡ್ರಿ.
ಹಗಲೆಲ್ಲ ಉಣ್ತೈತಿ, ರಾತ್ರಿ ಎರಡರತನ ತೇಗ್ತೈತಿ.
ನೆರಳಿನ ಆಸೆಗೆ ಬಂದೋರು
ವರ್ಷ ತುಂಬೋದ್ರಾಗ ಖಾಲಿ ಮಾಡ್ತಾರ."

ನಮ್ಮ ಕುಮಟೆಯ ಸೆಕೆ ಮೈಗಂಟುವ ನೆಂಟ,
ಬೆನ್ನು ಬಿಡದೆ ಮಾತಾಡುವವನು.
ಇಲ್ಲಿನ ಬಿಸಿಲಿಗೆ ಮಾತಿಲ್ಲ.
ಬೆವರು ಕಣ್ಣಿಗೆ ಬೀಳುವ ಮೊದಲೇ ಕುಡಿದು
ಮುಂದೆ ಹೋಗುತ್ತದೆ.
ಕುತ್ತಿಗೆ ಸವರಿಕೊಂಡರೆ ಬೆರಳಿಗೆ
ಬರೀ ಉಪ್ಪು.

ಗಾಂಧಿನಗರದಲ್ಲಿ ಬೇವಿನ ಸಾಲು, ನೆಲಕ್ಕೆ ಕಡಪ ಕಲ್ಲು,
ಪಡುವಣ ಗೋಡೆಗೆ ಪಕ್ಕದ ಮನೆಯೇ ಆತು ನಿಂತಿದೆ.
ಯಜಮಾನಿ ಜೀರಿಗೆ ಹಾಕಿದ ಮಜ್ಜಿಗೆ ಕೊಟ್ಟರು.
ಹೆಸರು ಕೇಳಿದರು. ಸುಗಂಧಾ ಎಂದೆ.
ಮುಂದಿನದ್ದು ಕೇಳಿದರು. ಹರಿಕಾಂತ್ರ ಎಂದೆ.
"ಹರಿಕಾಂತ್ರ ಅಂದ್ರ?"
ಕೂಲರಿನ ಸದ್ದು.
ಹುಸೇನಪ್ಪ ತನ್ನ ಚಪ್ಪಲಿಯ ಬಾರು ನೋಡುತ್ತಿದ್ದ.
ಮೀನು ಹಿಡಿಯುವವರು ಎಂದೆ.
ಅಪ್ಪನ ದೋಣಿಯ ಹೆಸರೂ ಹೇಳುವವಳಿದ್ದೆ, ಅಷ್ಟರಲ್ಲಿ
ಆ ಮನೆ ನಿನ್ನೆಯೇ
ಯಾರಿಗೋ ಹೋಗಿಬಿಟ್ಟಿತ್ತು.

ಸತ್ಯನಾರಾಯಣಪೇಟೆ: "ಒಬ್ರೇನಾ?"
ಪಾರ್ವತಿನಗರ: ಹತ್ತು ತಿಂಗಳ ಅಡ್ವಾನ್ಸು, ಮತ್ತೆ "ಒಬ್ರೇನಾ?"
ಹವಂಬಾವಿ ಆಚೆಯ ಹೊಸ ಲೇಔಟಿನಲ್ಲಿ
ಏನೂ ಕೇಳುವವರಿಲ್ಲ. ಪಕ್ಕದ ಮನೆಯೂ ಇಲ್ಲ.
ನಾಲ್ಕು ದಿಕ್ಕಿಗೂ ಸೈಟಿನ ಕಲ್ಲು, ಜಾಲಿ,
ಮಾಳಿಗೆಯ ಟ್ಯಾಂಕಿನ ನೀರಲ್ಲಿ ಅಕ್ಕಿ ಬೆಂದೀತು.
ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ
ಇಲ್ಲಿಗೆ ಹೇಗೆ ಬರುವುದು ಎಂದೆ.
"ಅದಕ್ಕ ಅಗ್ಗ" ಎಂದ.

ನಾಲ್ಕೂವರೆಗೆ ಒಗ್ಗರಣಿ, ಮಿರ್ಚಿ. ದುಡ್ಡು ಕೊಡಲು ಬಿಡಲಿಲ್ಲ.
ನೀವಿರುವುದೆಲ್ಲಿ?
"ಕೌಲ್ ಬಜಾರ್ರಿ. ನಿಮ್ಮಂಥೋರಿಗೆ ಅಲ್ಲಿ ತೋರ್ಸಂಗಿಲ್ಲ."
ನನ್ನಂಥವರು ಅಂದರೆ?
ಮಿರ್ಚಿಯ ತೊಟ್ಟು ಕಾಗದಕ್ಕೆ ಸುತ್ತಿದ,
ಕಿಕ್ ಹೊಡೆದ, ಮೂರು ಸಲ.

ಓಣಿಯ ತುಂಬ ಹೊಲಿಗೆ ಮಿಷಿನ್ನು.
ಬಾಗಿಲಿಗೊಂದು ಜೀನ್ಸಿನ ಗುಡ್ಡೆ:
ಜಿಪ್ಪಿಲ್ಲದವು, ಜೇಬಿಲ್ಲದವು, ಒಂಟಿ ಕಾಲಿನವು.
ಚರಂಡಿ ನೀಲಿ,
ನಮ್ಮ ಕಡಲಿಗೂ ಇಲ್ಲದ ನೀಲಿ.
ಮಹಬೂಬ್‌ಬಿ ದಾರ ಕಚ್ಚಿಕೊಂಡೇ ಕೀಲಿ ಕೊಟ್ಟರು.
ಮೇಲಿನ ಕೋಣೆ. ಬೇವಿಲ್ಲ, ನೆರಳಿಲ್ಲ,
ಇದ್ದೊಂದು ಕಿಟಕಿ ಪಶ್ಚಿಮಕ್ಕೆ. ನಲ್ಲಿ ಒಂಬತ್ತು ದಿನಕ್ಕೊಮ್ಮೆ.
ಗೋಡೆ ಮುಟ್ಟಿದೆ. ಹುಸೇನಪ್ಪ ಆ ಕಡೆ ನೋಡಲಿಲ್ಲ.
ಮಹಬೂಬ್‌ಬಿ ಕೇಳಿದ್ದು ಒಂದೇ:
"ಹನ್ನೆರಡರತನ ಮಿಷಿನ್ ಓಡ್ತಾವ,
ನಿದ್ದಿ ಬರ್ತೈತೇನಮ್ಮ ನಿನಗ?"

ಅಲೆಯ ಹಾಗೆ ಕೇಳಿಸುತ್ತದೆ ಎಂದರೆ ಸುಳ್ಳಾಗುತ್ತದೆ.
ಮಿಷಿನ್ನು ಮಿಷಿನ್ನಿನ ಹಾಗೇ ಕೇಳಿಸುತ್ತದೆ.

ಈಗ ಕಿಟಕಿಗೊಂದು ಪರದೆ ಬಂದಿದೆ,
ಆರ್ಡರು ವಾಪಸಾದ ಪ್ಯಾಂಟುಗಳನ್ನು ಬಿಚ್ಚಿ ಹೊಲಿದದ್ದು.
ಆರು ಜೇಬುಗಳಿವೆ ಅದಕ್ಕೆ.
ಸಂಜೆ ಒಂದೇ ಚೊಂಬು, ಅಳೆದು ಚಿಮುಕಿಸಿದರೆ
ಗಾಳಿ ಒಂದಿಷ್ಟು ಹೊತ್ತು ಒಳಗೆ ಬರಲು ಒಪ್ಪುತ್ತದೆ.
ಬಾಡಿಗೆಯ ಚೀಟಿ ಎಡಗಡೆ ಜೇಬಿನಲ್ಲಿಡುತ್ತೇನೆ.

ಭಾನುವಾರ ಸೈಕಲ್ಲಿನ ಮೇಲೆ ಡ್ಯಾಮಿನ ಮೀನು ಬರುತ್ತದೆ.
ಸಿಹಿನೀರಿನದು, ಮುಳ್ಳು ಜಾಸ್ತಿ, ಕೆಸರಿನ ರುಚಿ.
ಅಪ್ಪ ಮುಂಜಾನೆ ಫೋನು ಮಾಡುತ್ತಾನೆ,
ಮನೆ ತಂಪುಂಟೋ, ಮೀನು ಸಿಗ್ತದೋ ಎಂದು.
ಉಂಟು ಎನ್ನುತ್ತೇನೆ. ಎರಡೂ ಉಂಟು.