ನಾಲ್ಕನೆಯ ಗುಂಡಿ

ದಾಜಿಬಾನಪೇಟೆಯ ನಮ್ಮ ಕಾಂಪ್ಲೆಕ್ಸಿಗೆ
ಎಣಿಸಿದರ ನಾಲ್ಕು ಮಜಲಾ,
ಓದಿದರ ಮೂರು.

ನಾಲ್ಕನೇದನ್ನ ಹಿಂದಿನ ಮಾಲಕ ಕಟ್ಟಿಸಿದ್ದು
ಆಫೀಸಿನವರೆಲ್ಲ ಎಲೆಕ್ಷನ್ ಡ್ಯೂಟಿಗೆ ಹೋದ ತಿಂಗಳದಾಗ,
ಇದು ಬರೇ ನೀರಿನ ಟಾಕಿ ಇಡೋ ಕಟ್ಟಿ ಅಂತ ಹೇಳಿ.

ಆ ಕಟ್ಟಿಯೊಳಗ ಈಗ ಹದಿನಾಲ್ಕು ಹೊಲಿಗಿ ಮಶೀನು,
ಶಾಕೀರಾಬಾನು ಮುಲ್ಲಾನವರ ಕ್ಲಾಸು.
ಆಕಿ ಎಡಗಾಲಿಗೆ ಕ್ಯಾಲಿಪರ್.
ಮೂರರ ತನಕ ಲಿಫ್ಟು,
ಅಲ್ಲಿಂದ ಇಪ್ಪತ್ತೆರಡು ಪಾವಟಿಗಿ.
ಕಬ್ಬಿಣದ ಸಪ್ಪಳ ಕೇಳಿದ ಕೂಡಲೇ
ಹುಡುಗ್ಯಾರು ಮೊಬೈಲು ಅರಿವಿ ಕೆಳಗ ಇಡತಾರ.

ಒಂದು ತಿಂಗಳೂ ಬಾಡಗಿ ತಪ್ಪಿಸಿಲ್ಲ.
ಹ್ವಾದ ಯುಗಾದಿ ಮುಂದ ಇಷ್ಟ ಕೇಳಿದಳು:
ಅಣ್ಣಾರ, ಇನ್ನೊಂದು ಹನ್ನೊಂದು ಫೂಟು
ಏರಾಕ ಆಗೂದಿಲ್ಲೇನ್ರಿ ಅದಕ್ಕ?

ಆಗತೈತಿ, ಅಂದ ಲಿಫ್ಟಿನ ದಾವಲಸಾಬ.
ಹಗ್ಗ ಉದ್ದಂದು ಬೇಕು, ರೇಲು ಎರಡು ತುಂಡು,
ಮಶೀನು ಮ್ಯಾಲೆ ಒಯ್ಯಬೇಕು.
ಕೆಲಸಕ್ಕ ಹದಿನೈದು ದಿನ.
ಕೆಲಸಕ್ಕ, ಅಂದ ಮತ್ತೊಮ್ಮೆ,
ಸ್ವಲ್ಪ ಎಳದು.

ನಾನು ಕಾರ್ಯದರ್ಶಿ. ಕೆಳಗ ನಂದು ಲಗ್ನಪತ್ರಿಕಿ ಅಂಗಡಿ.
ಕಾಗದ ಅಂದರ ನನಗ ಅಂಜಿಕಿಲ್ಲ ಅಂದುಕೊಂಡಿದ್ದೆ.

ವಿದ್ಯುತ್ ಪರಿವೀಕ್ಷಕರ ಕಚೇರಿಯವರು ಒಳ್ಳೆಯವರು,
ಕುರ್ಚಿ ಕೊಟ್ಟರು.
ಲಿಫ್ಟು ಬದಲಿಸಾಕ ಅನುಮತಿ ನಮ್ಮದು,
ಅನುಮತಿಗೆ ನಕ್ಷೆ ಬೇಕು,
ನಕ್ಷೆಗೆ ಪಾಲಿಕೆ ಸಿಕ್ಕಾ.
ಪಾಲಿಕೆಯವರೂ ಒಳ್ಳೆಯವರ,
ಹಳೇ ಫೈಲು ಜಾಡಿಸಿ ತಗದರು:
ನಿಮಗ ನಾಲ್ಕನೇ ಮಜಲಾನ ಇಲ್ಲಲ್ರೀ,
ಇಲ್ಲದ ಕಡೆ ಲಿಫ್ಟು ಹೆಂಗ ಹೋಗತೈತಿ?
ಅದಕ್ಕ ಕರ ತುಂಬೇವಿ, ಪಾವತಿ ಐತ್ರಿ, ಅಂದೆ.
ಕರದ ಟೇಬಲ್ಲು ಬ್ಯಾರೆ, ಅಂದರು.
ಆ ಟೇಬಲ್ಲಿಗೆ ನಾಲ್ಕು ಕಾಣತಾವ.

ಮೂರು ಸಲ ಅರ್ಜಿ ಕೊಟ್ಟೆ.
ಒಮ್ಮೆ ಮಾರ್ಪಾಡು ಅಂತ, ಒಮ್ಮೆ ದುರಸ್ತಿ ಅಂತ,
ಕಡೀಕ ದಾವಲಸಾಬ ಹೇಳಿದಂಗ ನವೀಕರಣ ಅಂತ.
ಫೀ ಬ್ಯಾರೆ ಬ್ಯಾರೆ. ಉತ್ತರ ಒಂದ.

ವರ್ಷದ ತಪಾಸಣಿಗೆ ಬಂದ ಹೊಸಕೇರಿ ಸಾಹೇಬರು
ಹಗ್ಗ ನೋಡಿದರು, ಬ್ರೇಕು ನೋಡಿದರು,
ಲಿಫ್ಟಿನ ಬುಡದ ಗುಂಡಿಗೆ ಟಾರ್ಚು ಬಿಟ್ಟು
ಅಲ್ಲಿ ಬಿದ್ದಿದ್ದ ನಮ್ಮದ ಒಂದು ಲಗ್ನಪತ್ರಿಕಿ
ಮುಹೂರ್ತದ ತನಕ ಓದಿದರು.
ಆಮ್ಯಾಲೆ ಪಾವಟಿಗಿ ಹತ್ತಿದರು, ಯಾರೂ ಹೇಳಿರಲಿಲ್ಲ.

ಶಾಕೀರಾ ಚಾ ಕೊಟ್ಟಳು.
ಇಲ್ಲದ ಮಜಲಾದಾಗ ಕುಂತು ಅದನ್ನ ಕುಡದು,
ಜೋತು ಬಿದ್ದಿದ್ದ ತೋಳಿನ ಗುಂಡಿ
ಅಲ್ಲೇ ಹೊಲಿಸಿಕೊಂಡು,
ಮಾರಿ ಮ್ಯಾಲೆ ಸಂಕಟ ಇತ್ತು, ಸುಳ್ಳಲ್ಲ,
ಬರದರು:
ನಿಲುಗಡೆ ಮೂರು. ಸುಸ್ಥಿತಿಯಲ್ಲಿದೆ.

ಅವಸರ ಮಾಡಿ ದಾವಲಸಾಬ ಮೊದಲ ಕೊರದಿಟ್ಟಿದ್ದ
ಪ್ಯಾನಲ್ಲಿನ ತೂತು ಹಂಗ ಉಳೀತು.
ಹುಡುಗರು ಬಟ್ಟು ಹಾಕತಿದ್ದವು.
ಒಂದಿನ ನೋಡತೇನಿ, ಅಲ್ಲೊಂದು
ಕೋಟಿನ ಕರೇ ಗುಂಡಿ, ನಾಲ್ಕು ಕಣ್ಣಿಂದು,
ಒಳಗಿನ ಕಂಬಿಗೆ ದಾರ ಸುತ್ತಿ ಹೊಲದದ್ದು.

ಹೊಸಬರು ಬಂದವರು ಒತ್ತತಾರ,
ಲಿಫ್ಟು ಅಲ್ಲಾಡೂದಿಲ್ಲ.
ಅದು ಒತ್ತೂದಲ್ರೀ ಅಂತ ಒಂದು ಚೀಟಿ
ನಾನ ಅಚ್ಚು ಹಾಕಿಸಬೇಕು, ಪುಕ್ಕಟೆ ಆಗತೈತಿ,
ದಿನಾ ಮರೀತೇನಿ.

ನಿನ್ನೆ ರಾತ್ರಿ ಶಟರ್ ಎಳದು
ಯಾರೂ ಇಲ್ಲದಾಗ ನಾನೂ ಒಮ್ಮೆ ಒತ್ತಿದೆ.
ದಾರ ಬಿಗಿ ಐತಿ.